ಲಕ್ಷ್ಮಕ್ಕನ ಕುಂಬಳಕಾಯಿಗೆ ಮೊದಲ ಏಟು

ಮನುಷ್ಯನಿಗೆ ಬಾರದ ಕೆಲಸದಲ್ಲಿ ಹೆಸರು ಬಂದುಬಿಟ್ಟರೆ ಅದಕ್ಕಿಂತ ದೊಡ್ಡ ಪೇಚು ಇನ್ನೊಂದಿಲ್ಲ. ಬರುವ ಕೆಲಸದಲ್ಲಿ ಹೆಸರು ಬರದಿದ್ದರೆ ಹಣೆಬರಹ ಎಂದು ಸುಮ್ಮನಾಗಬಹುದು, ಲೋಕಕ್ಕೆ ಗುಣ ಗೊತ್ತಾಗುವುದಿಲ್ಲ ಎಂದು ಬೈದುಕೊಳ್ಳಬಹುದು. ಬಾರದ ಕೆಲಸದಲ್ಲಿ ಹೆಸರು ಬಂದವನು ಯಾರನ್ನು ಬೈಯಬೇಕು? ನನ್ನ ಕಸುಬು ಗಡಿಯಾರ ರಿಪೇರಿ. ತುಮಕೂರಿನ ಮಂಡಿಪೇಟೆಯ ಒಂದು ಗಲ್ಲಿಯಲ್ಲಿ ಅಂಗಡಿ. ಅಂಗಡಿ ಎಂದರೆ ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು, ಅಷ್ಟೇ ಜಾಗ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂವನ್ನು ಚಿಮುಟದಲ್ಲಿ ಹಿಡಿದು, ಉಸಿರು ಬಿಟ್ಟರೆ ಎಲ್ಲಿ ಹಾರಿಹೋಗುತ್ತದೋ ಎಂದು ಉಸಿರು ಕಟ್ಟಿ ಕೂರುವ ಕೆಲಸ. ಅದರಲ್ಲಿ ನಾನು ಕೆಟ್ಟವನೇನಲ್ಲ. ಆದರೆ ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, "ವಾಚ್ ಸಾಬ್ರಾ? ಕುಂಬಳಕಾಯಿ ಕುಯ್ತಾರಲ್ಲ, ಅವರ್ ತಾನೇ?" ಎನ್ನುತ್ತಾರೆ. ಈಗಂತೂ ಎಲ್ಲರ ಜೇಬಿನಲ್ಲೂ ಮೊಬೈಲು ಬಂದು ಗಡಿಯಾರ ಕಟ್ಟುವವರೇ ಕಡಿಮೆಯಾಗಿದ್ದಾರೆ. ಕುಂಬಳಕಾಯಿಯ ಕಸುಬು ಮಾತ್ರ ಹಾಗೇ ನಡೆದುಕೊಂಡು ಬಂದಿದೆ.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಲಕ್ಷ್ಮಕ್ಕ. ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯವರು. ಗಂಡ ತೀರಿಕೊಂಡ ಮೇಲೆ ಅಂಗನವಾಡಿ ಕೆಲಸದಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿಕೊಂಡು ಮನೆ ನಡೆಸುತ್ತಿದ್ದರು. ಅವರ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಒಂದು ಗೋಡೆ, ಗೋಡೆಯ ನಡುವೆ ಇಟ್ಟಿಗೆ ಬಿದ್ದು ಆದ ಒಂದು ಕಿಂಡಿ. ನಾವು ಈ ಮನೆಗೆ ಬಂದಾಗ ಅದು ಬೆಕ್ಕು ತೂರುವಷ್ಟಿತ್ತು. ಆ ಕಡೆಯಿಂದ ಪಲ್ಯದ ಬಟ್ಟಲು, ಈ ಕಡೆಯಿಂದ ಶೀರ್‌ಕುರ್ಮಾ ಪಾಯಸದ ಲೋಟ ಓಡಾಡಿ ಓಡಾಡಿ, ಕೊನೆಗೆ ಸೀರೆಯುಟ್ಟ ಹೆಂಗಸು ಬಗ್ಗಿ ದಾಟುವಷ್ಟಾಯಿತು. ನನಗೂ ನನ್ನ ಹೆಂಡತಿ ಮುಬೀನಾಳಿಗೂ ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಆ ಎರಡು ಹುಡುಗಿಯರು ಸ್ಕೂಲಿಂದ ಬಂದವರೇ ಆ ಕಿಂಡಿಯಲ್ಲಿ ತೂರಿ ನಮ್ಮ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಜಾಲಾಡಿದರೇನೇ ನಮ್ಮ ಮನೆಯಲ್ಲಿ ಒಂದಿಷ್ಟು ಸದ್ದು. ಅವರು ಪರೀಕ್ಷೆ ಗಿರೀಕ್ಷೆ ಎಂದು ಎರಡು ದಿನ ಬರದಿದ್ದರೆ ರಿಪೇರಿಗೆ ಬಂದ ಗಡಿಯಾರಗಳ ಟಿಕ್ ಟಿಕ್ ಕೇಳಿ ಕೇಳಿ ನನಗೆ ತಲೆ ಕೆಡುತ್ತಿತ್ತು.

ಒಂದು ಸಂಕ್ರಾಂತಿಯ ಮುಂದೆ ಲಕ್ಷ್ಮಕ್ಕನ ತಮ್ಮ ಚೇಳೂರಿನಿಂದ ಬಸ್ಸಿನ ಮೇಲೆ ಒಂದು ಚೀಲ ಸಿಹಿಕುಂಬಳ ಹಾಕಿ ಕಳಿಸಿದ್ದ. ನಾನು ಭಾನುವಾರದ ಚಹಾ ಕುಡಿಯುತ್ತಾ ಹಿತ್ತಿಲಲ್ಲಿ ಕೂತಿದ್ದೆ. ಕಿಂಡಿಯಲ್ಲಿ ಲಕ್ಷ್ಮಕ್ಕನ ಮುಖ ಕಾಣಿಸಿತು. "ಸಾಬ್ರೇ, ಏನೂ ಅಂದ್ಕೋಬೇಡಿ. ಒಂದ್ ಕುಂಬಳಕಾಯಿ ಕುಯ್ದು ಕೊಡ್ತೀರಾ?" ಎಂದರು. ನಾನು ಕಕ್ಕಾಬಿಕ್ಕಿಯಾದೆ. ಕಟ್ಟಿಗೆ ಒಡೆದು, ನೀರು ಹೊತ್ತು, ಹಿತ್ತಿಲಿಗೆ ಬಂದ ಕೇರೆಹಾವನ್ನು ಒಬ್ಬರೇ ಕೋಲಿನಲ್ಲಿ ಆಚೆ ಕಳಿಸಿದ ಹೆಂಗಸು ಇವರು. ಇವರಿಗೆ ತರಕಾರಿ ಹೆಚ್ಚಲು ನಾನು ಬೇಕೇ? "ಯಾಕಕ್ಕಾ, ಕೈಗೇನಾಯ್ತು?" ಎಂದೆ. "ಕೈಗೇನೂ ಆಗಿಲ್ಲ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರ್ದು ಅಂತಾರೆ. ಯಾಕೆ ಅಂತ ನಂಗೂ ಗೊತ್ತಿಲ್ಲ ಬುಡಿ. ನಮ್ಮಜ್ಜಿ ಹಾಕ್ಲಿಲ್ಲ, ನಮ್ಮವ್ವ ಹಾಕ್ಲಿಲ್ಲ, ನಾನೂ ಹಾಕಲ್ಲ. ಗಂಡಸರು ಎರಡು ಹೋಳು ಮಾಡಿಕೊಟ್ರೆ ಸಾಕು, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎಂದರು.

ನಾನು ಮುಬೀನಾಳ ಮುಖ ನೋಡಿದೆ. ಮನೆಯಲ್ಲಿ ನಮ್ಮದು ಉರ್ದು. ಆದರೆ ಅವಳು ಕುಣಿಗಲ್ ಹುಡುಗಿ, ಬೈಯುವಾಗ ಮತ್ತು ನಗುವಾಗ ಕನ್ನಡಕ್ಕೆ ಬಂದುಬಿಡುತ್ತಾಳೆ. "ಇಲ್ಲಿ ಎಲ್ಲಾ ನಾನೇ ಕುಯ್ತೀನಿ. ಅಲ್ಲಾದ್ರೂ ಹೋಗಿ ಗಂಡಸಾಗಿ ಬನ್ನಿ" ಎಂದಳು.

ಹೋದೆ. ಲಕ್ಷ್ಮಕ್ಕ ಮಣೆ ಹಾಕಿ ಕಾಯಿ ಇಟ್ಟು ಕೈಗೆ ಮಚ್ಚು ಕೊಟ್ಟರು. ಚಿಮುಟ ಹಿಡಿದ ಕೈಗೆ ಮಚ್ಚು! ಹುಡುಗಿಯರಿಬ್ಬರೂ ಸಿನಿಮಾ ನೋಡುವವರ ಹಾಗೆ ಎದುರಿಗೆ ಕೂತರು. ನಾನು ಬಿಸ್ಮಿಲ್ಲಾ ಎಂದು ಬಿಟ್ಟೆ ಒಂದು ಏಟು. ಮಚ್ಚು ಅರ್ಧ ಇಳಿದು ಅಲ್ಲೇ ಸಿಕ್ಕಿಕೊಂಡಿತು. ಎಳೆದರೆ ಬರದು, ಒತ್ತಿದರೆ ಇಳಿಯದು. ಮಚ್ಚು ಎತ್ತಿದರೆ ಕುಂಬಳಕಾಯಿಯೂ ಜೊತೆಗೆ ಬಂತು. ಎರಡನ್ನೂ ಒಟ್ಟಿಗೆ ಎತ್ತಿ ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬಡಿದ ಹಾಗೆ ನಾಲ್ಕು ಸಲ ಬಡಿದೆ. ಕೊನೆಗೆ ಕಾಯಿ ಎರಡಾಗಿ, ಒಂದು ಹೋಳು ಬಚ್ಚಲ ಕಡೆಗೆ, ಇನ್ನೊಂದು ಹೋಳು ತುಳಸಿ ಕಟ್ಟೆಯ ಕಡೆಗೆ ಹೋಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಲಕ್ಷ್ಮಕ್ಕ ನಗದೆ, "ಎಷ್ಟ್ ಚೆನ್ನಾಗ್ ಕುಯ್ದ್ರಿ ಸಾಬ್ರೇ. ಮಚ್ಚು ನಿಮ್ಮನೇಲೇ ಇರ್ಲಿ ತಗೊಳ್ಳಿ, ಇನ್ನೂ ಕಾಯಿ ಅವೆ" ಎಂದರು. ಮರುದಿನವೇ ಎದುರು ಸಾಲಿನ ಮೇಷ್ಟರ ಹೆಂಡತಿ ಒಂದು ಕಾಯಿ ಹಿಡಿದುಕೊಂಡು ಬಂದರು. ಮೇಷ್ಟರು ಊರಲ್ಲಿರಲಿಲ್ಲವಂತೆ. ಅಲ್ಲಿಂದ ಆಚೆಗೆ ಗಂಡಸರು ಮನೆಯಲ್ಲಿದ್ದವರೂ ನನ್ನನ್ನೇ ಕರೆಯತೊಡಗಿದರು. ಗಂಡಸರಿಗೂ ಆ ಕೆಲಸ ಬರುವುದಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು.

ಕುಯ್ದವನಿಗೆ ಅರ್ಧ ಹೋಳು ಎಂಬುದು ತಾನಾಗಿಯೇ ಆದ ಪದ್ಧತಿ. ನಿಜವಾದ ಗೊಂದಲ ಶುರುವಾದದ್ದು ಅಲ್ಲಿ. ಇಬ್ಬರೇ ಇರುವ ಮನೆಯಲ್ಲಿ ಅಷ್ಟು ಕುಂಬಳಕಾಯಿಯನ್ನು ಏನು ಮಾಡುವುದು? ಆಗ ನಮ್ಮಲ್ಲಿ ಫ್ರಿಜ್ಜಿರಲಿಲ್ಲ. ತಿರುಳು ಬೀಜ ಕೆರೆದು ತೆಗೆದು ಇಟ್ಟರೆ ನಾಲ್ಕು ದಿನ ಬರುತ್ತದೆ ಎಂದು ಲಕ್ಷ್ಮಕ್ಕ. ಬೀಜ ತೆಗೆದರೇ ಕೆಡುವುದು, ಹಾಗೇ ಬಿಡಿ ಎಂದು ಮೇಷ್ಟರ ಹೆಂಡತಿ. ತೆಳ್ಳಗೆ ಹೆಚ್ಚಿ ಉಪ್ಪು ಅರಿಶಿನ ಸವರಿ ಬಿಸಿಲಿಗೆ ಹಾಕಿ ಎಂದು ಒಬ್ಬರು. ಬಿಸಿಲಿಗೆ ಹಾಕಿದರೆ ಚಪ್ಪಲಿಯ ಅಟ್ಟೆಯಾಗುತ್ತದೆ, ನೆರಳಲ್ಲಿ ಒಣಗಿಸಿ ಎಂದು ಇನ್ನೊಬ್ಬರು. ಕುಣಿಗಲ್ಲಿನ ನನ್ನ ಅತ್ತೆಯದು ಒಂದೇ ಮಾತು: "ತುರಿದು ತುಪ್ಪದಲ್ಲಿ ಹುರಿದು ಸಕ್ಕರೆ ಹಾಕಿ ಹಲ್ವಾ ಮಾಡಿಬಿಡು. ಹದಿನೈದು ದಿನವಾದ್ರೂ ಕೆಡಲ್ಲ." ಅದು ಹದಿನೈದು ದಿನ ಇರುತ್ತದೋ ಇಲ್ಲವೋ ನಮಗೆ ತಿಳಿಯಲಿಲ್ಲ. ಆ ಹುಡುಗಿಯರು ನುಗ್ಗುವ ಮನೆಯಲ್ಲಿ ಹದಿನೈದು ನಿಮಿಷದ ಮೇಲೆ ಹಲ್ವಾ ಉಳಿಯುತ್ತಿರಲಿಲ್ಲ. ನಾನು ಎಲ್ಲರ ಮಾತನ್ನೂ ಕೇಳುವ ಸ್ವಭಾವದವನು. ಒಂದು ಹೋಳನ್ನು ಬಿಸಿಲಿಗೆ, ಒಂದು ಹೋಳನ್ನು ನೆರಳಿಗೆ ಹಾಕಿದೆ. ಬಿಸಿಲಿನದನ್ನು ಅಳಿಲು ತಿಂದಿತು, ನೆರಳಿನದಕ್ಕೆ ಬೂಷ್ಟು ಬಂತು. ಬೀಜವನ್ನಾದರೂ ಉಳಿಸೋಣ ಎಂದು ಅಂಗಡಿಯ ಗಾಜಿನ ಮೇಲೆ, ಟೇಬಲ್ ಲ್ಯಾಂಪಿನ ಶಾಖದಲ್ಲಿ ಹರಡಿದೆ. ಹೆಬ್ಬೂರಿನ ಗಿರಾಕಿಯೊಬ್ಬರು ತಮ್ಮ ಕೈಗಡಿಯಾರದ ಪಟ್ಟಿಗೆ ಅಂಟಿಕೊಂಡಿದ್ದ ಬೀಜವನ್ನು ಕಿತ್ತು ನನ್ನ ಮುಂದೆ ಇಟ್ಟು, "ಇದ್ಯಾವ ಪಾರ್ಟು ಸ್ವಾಮಿ? ಇದಿಲ್ದೇನೂ ಓಡ್ತೈತೆ" ಎಂದರು.

ಹೀಗೇ ಕೆಲವು ಸಂಕ್ರಾಂತಿಗಳು ಹೋದವು. ಆಮೇಲೆ ಆ ವರ್ಷ ಬಂತು. ಪೇಪರ್ ಬಿಡಿಸಿದರೆ ಸಾಕು ಮನಸ್ಸು ಕೆಡುವ ವರ್ಷ. ಅದೆಲ್ಲೋ ದೂರದ ಊರಿನ ಗಲಭೆಯ ಸುದ್ದಿ, ನಮ್ಮ ಬೀದಿಯಲ್ಲಿ ಏನೂ ಆಗಿರಲಿಲ್ಲ. ಆದರೂ ಚಹಾ ಅಂಗಡಿಯಲ್ಲಿ ನಾನು ಹೋಗಿ ಕೂತರೆ ಮಾತು ಒಂದು ಗಳಿಗೆ ನಿಂತು ಮತ್ತೆ ಮಳೆಬೆಳೆಯ ಕಡೆಗೆ ಹೊರಳುತ್ತಿತ್ತು. ಅಥವಾ ನನಗೆ ಹಾಗನ್ನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆಯಲ್ಲ, ನಾನು ಯಾರೂ ಏನೂ ಅನ್ನದೆಯೇ ದಿನಕ್ಕೆರಡು ಸಲ ಹೆಗಲು ಒರೆಸಿಕೊಳ್ಳುತ್ತಿದ್ದೆ.

ಚೇಳೂರಿನ ಚೀಲ ಬಂದಿಳಿದದ್ದನ್ನು ನಾನೇ ನೋಡಿದೆ. ಎಂದಿಗಿಂತ ದೊಡ್ಡ ಕಾಯಿಗಳು. ಮಚ್ಚು ಮಸೆದು ಇಟ್ಟುಕೊಂಡೆ. ಸಂಜೆಯಾಯಿತು, ಕರೆ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾಚಿಕೆ ಬಿಟ್ಟು ಕಿಂಡಿಯ ಹತ್ತಿರ ಹೋಗಿ, "ಕಾಯಿ ಬಂದಿರೋ ಹಾಗಿದೆ ಅಕ್ಕಾ, ಮಚ್ಚು ತರ್ಲಾ?" ಎಂದೆ. ಲಕ್ಷ್ಮಕ್ಕ ನನ್ನ ಮುಖ ನೋಡದೆ, "ಬ್ಯಾಡ ಬುಡಿ ಸಾಬ್ರೇ, ಈ ಸಲ ನಿಮ್ ಕೈಲಿ ಬ್ಯಾಡ" ಎಂದು ಒಳಗೆ ಹೋದರು. ನಿಮ್ಮ ಕೈಯಲ್ಲಿ ಬೇಡ! ಆ ಮಾತು ಎದೆಗೆ ನಾಟಿತು. ಅದಾದ ಅರ್ಧ ಗಂಟೆಗೆ ಕರೆಂಟ್ ಮೀಟರ್ ಓದುವವನು ಅವರ ಮನೆಗೆ ಬಂದ. ನಲವತ್ತು ದಾಟಿದ, ದಪ್ಪ ಕನ್ನಡಕದ ಆಸಾಮಿ, ಮೀಟರನ್ನೇ ಎರಡು ಸಲ ಓದುವವನು. "ಬಂದಿದೀರಲ್ಲ, ಒಂದ್ ಕಾಯಿ ಕುಯ್ದು ಕೊಟ್ಟೋಗಿ" ಎಂದು ಲಕ್ಷ್ಮಕ್ಕ ಅಂದದ್ದು ನನಗೆ ಚೆನ್ನಾಗಿ ಕೇಳಿಸಿತು. ಕಿಂಡಿಯಲ್ಲಿ ನೋಡಿದೆ. ಅವನು ಈಳಿಗೆಮಣೆಯ ಮೇಲೆ ಕಾಯಿ ಇಟ್ಟು ಎರಡೂ ಕೈಯಲ್ಲಿ ಒತ್ತಿದ. ಕಾಯಿ ಸದ್ದಿಲ್ಲದೆ ಎರಡಾಯಿತು. ಅದೂ ಸಮ ಎರಡು. ಹೊಟ್ಟೆ ಎಷ್ಟು ಉರಿಯಿತೆಂದರೆ ಹೇಳಲಾರೆ.

ಆ ರಾತ್ರಿ ಪಲ್ಯದ ಬಟ್ಟಲು ಬಂತು. ಸಾಸಿವೆ ಇಂಗಿನ ಒಗ್ಗರಣೆ, ಕೊಬ್ಬರಿ, ಒಂಚೂರು ಬೆಲ್ಲ. ಲಕ್ಷ್ಮಕ್ಕನ ಪಲ್ಯದ ಘಮಕ್ಕೆ ನಾನು ಯಾವತ್ತೂ ಸೋತವನೇ. ಆದರೂ ಬಟ್ಟಲು ತಂದ ಹುಡುಗಿಗೆ, "ಬೇಡಮ್ಮ, ನನಗೆ ಹಲ್ಲುನೋವು" ಎಂದುಬಿಟ್ಟೆ. ಅಷ್ಟು ಮೆತ್ತಗೆ ಬೆಂದ ಕುಂಬಳಕಾಯಿಗೂ ಹಲ್ಲಿಗೂ ಏನು ಸಂಬಂಧ ಎಂದು ಹೇಳಿದ ಮೇಲೆ ಹೊಳೆಯಿತು. ಮರುದಿನ ಆ ಕಡೆಯಿಂದ ಲವಂಗದ ಎಣ್ಣೆಯ ಸೀಸೆ ಬಂತು. ಅದರ ಮರುದಿನ, ಅಗಿಯುವುದೇ ಬೇಡವೆಂದು, ಕುಂಬಳಕಾಯಿ ಪಾಯಸ ಬಂತು. ನನ್ನ ಗೊಂದಲ ಇನ್ನೂ ಹೆಚ್ಚಿತು. ಕೈ ಬೇಡ, ಹಲ್ಲಿನ ಮೇಲೆ ಕಾಳಜಿ, ಇದೆಂಥ ಲೆಕ್ಕ? ಇದರ ಮಧ್ಯೆ ಮುಬೀನಾಳದು ಬೇರೆ. ಒಗ್ಗರಣೆಯ ವಾಸನೆ ಆಗುವುದಿಲ್ಲವೆಂದು ಮನೆಯಲ್ಲಿ ಬರೀ ಅನ್ನ ಮೊಸರು ಮಾಡಿ, ತಾನು ಮಾತ್ರ ಹೊತ್ತು ಮುಳುಗುವ ಮುಂಚೆ ಕಿಂಡಿ ದಾಟಿ ಹೋಗಿ ಲಕ್ಷ್ಮಕ್ಕನ ಹುಣಸೆಹಣ್ಣಿನ ಗೊಜ್ಜು ತಿಂದು, ನಗುತ್ತಾ ಬರುತ್ತಿದ್ದಳು. ನನಗೆ ಅವಮಾನ ಮಾಡಿದ ಮನೆಗೆ ಹೋಗಿ ಗೊಜ್ಜು ತಿನ್ನುತ್ತಾಳಲ್ಲ ಎಂದು ಅವಳ ಮೇಲೂ ಸಿಟ್ಟು ಬಂತು. "ಅವರಿಗೆ ನಮ್ಮ ಕೈ ಬೇಡವಂತೆ. ನಿನಗೆ ಅವರ ಗೊಜ್ಜು ಬೇಕಾ?" ಎಂದೆ. "ನಿಮಗೆ ಏನೂ ಗೊತ್ತಾಗಲ್ಲ, ಸುಮ್ನಿರಿ" ಎಂದಳು. ಗಾರೆ ಕೆಲಸದವನೊಬ್ಬನನ್ನು ಕಂಡು, ಆ ಕಿಂಡಿ ಮುಚ್ಚಲು ಎಷ್ಟು ಇಟ್ಟಿಗೆ ಬೇಕಾಗಬಹುದು ಎಂದು ಕೇಳಿಯೂ ಕೇಳಿದೆ. ಅವನು ಹೇಳಿದ. ಮನೆಗೆ ಬಂದು, ಆ ಎರಡು ಹುಡುಗಿಯರು ಮತ್ತೆ ಎಲ್ಲಿಂದ ಬರುತ್ತಾರೆ ಎಂದು ನೆನೆದು ಆ ಇಟ್ಟಿಗೆಯ ಲೆಕ್ಕವನ್ನು ಅಲ್ಲಿಗೇ ಬಿಟ್ಟೆ.

ಕೊನೆಗೆ ಒಂದು ಭಾನುವಾರ ತೀರ್ಮಾನ ಮಾಡಿದೆ. ಅವರ ಮಚ್ಚು ನಮ್ಮ ಮನೆಯಲ್ಲಿ ಇರುವುದು ತಾನೇ? ಕೊಟ್ಟುಬಿಡೋಣ, ಅಲ್ಲಿಗೆ ಋಣ ಮುಗಿಯಿತು. ಮಚ್ಚು ಹಿಡಿದು ಮುಂಬಾಗಿಲಿನಿಂದಲೇ ಹೊರಟೆ. ಸಿಟ್ಟು ಬಂದವನು ಕಿಂಡಿಯಲ್ಲಿ ಬಗ್ಗಿ ಹೋಗಬಾರದು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಬೀದಿಯವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ನೋಡದೆ ಏನು ಮಾಡುತ್ತಾರೆ? ಕಾಲ ಎಂಥದ್ದು, ನಾನು ಹೊರಟಿರುವುದು ಎಂಥ ವೇಷದಲ್ಲಿ! ಅಯ್ಯೋ ಪರಮಾತ್ಮ ಎಂದು ವಾಪಸ್ ಓಡಿಬಂದು, ಮಚ್ಚನ್ನು ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಒಂದು ಟವೆಲ್ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಹೋದೆ. ಎದುರು ಸಾಲಿನ ಮೇಷ್ಟರು, "ಏನ್ ಸಾಬ್ರೇ, ಕುಂಬಳಕಾಯಿ ಡ್ಯೂಟಿನಾ?" ಎಂದರು. ಅವರಿಗೆ ಒಂದಿಷ್ಟೂ ಅನುಮಾನ ಬಂದಿರಲಿಲ್ಲ.

ಲಕ್ಷ್ಮಕ್ಕ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಮುಬೀನಾ! ಆಗಲೇ ಕಿಂಡಿಯಲ್ಲಿ ಬಂದು ಕೂತಿದ್ದಳು. ನಾನು ಪೊಟ್ಟಣ ಬಿಚ್ಚಿ ಮಚ್ಚನ್ನು ಅವರ ಮುಂದೆ ಇಟ್ಟೆ. "ತಗೊಳ್ಳಿ ಅಕ್ಕಾ ನಿಮ್ಮ ಮಚ್ಚು. ಇನ್ಮೇಲೆ ಮೀಟರ್ ಓದೋರೇ ಕುಯ್ಯಲಿ. ನನ್ನ ಕೈ ಯಾಕೆ ಬೇಡವಾಯ್ತು ಅಂತ ಒಂದು ಮಾತು ಹೇಳಿಬಿಡಿ, ಸಾಕು" ಎಂದೆ. ಮಾತು ಜೋರಾಗಿ ಶುರುವಾದದ್ದು ಕೊನೆಗೆ ಬರುವಷ್ಟರಲ್ಲಿ ತೊದಲಿತು.

ಲಕ್ಷ್ಮಕ್ಕ ನನ್ನನ್ನು ನೋಡಿದರು, ಮುಬೀನಾಳನ್ನು ನೋಡಿದರು. "ಅಯ್ಯೋ ನಿನ್ನ! ಇನ್ನೂ ಹೇಳಿಲ್ವೇನೇ ಇವ್ರಿಗೆ?" ಎಂದು ಅವಳ ತೊಡೆಗೆ ಒಂದು ಏಟು ಕೊಟ್ಟರು. ಮುಬೀನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಬಸುರಿ ಹೆಂಗಸಿನ ಗಂಡ ಕುಂಬಳಕಾಯಿಗೆ ಕತ್ತಿ ಹಾಕ್ತಾನಾ ಸಾಬ್ರೇ? ನಾನಿನ್ನೂ, ಗೊತ್ತಿದ್ದೂ ಮಚ್ಚು ತರ್ಲಾ ಅಂತ ಕೇಳ್ತಾರಲ್ಲ, ಈ ಗಂಡಸಿಗೆ ಬುದ್ಧಿ ಬ್ಯಾಡ್ವಾ ಅಂತ ಬೈಕೊಂಡೆ" ಎಂದರು ಲಕ್ಷ್ಮಕ್ಕ.

ನಾನು ಅವರೆಕಾಯಿ ಸಿಪ್ಪೆಯ ಗುಡ್ಡೆಯ ಮೇಲೆಯೇ ಕೂತುಬಿಟ್ಟೆ. ಇಷ್ಟು ವರ್ಷದ ಮೇಲೆ! ಕಣ್ಣು ತುಂಬಿ ಬಂತು. "ಮೂರು ತಿಂಗಳು ತುಂಬೋವರೆಗೆ ಯಾರಿಗೂ ಹೇಳ್ಬೇಡ ಅಂತ ಅಮ್ಮಿ ಹೇಳಿದ್ರು. ನಿಮಗೆ ಹೇಳೋದೂ ಒಂದೇ, ಮಂಡಿಪೇಟೇಲಿ ಮೈಕ್ ಕಟ್ಟೋದೂ ಒಂದೇ. ಅಕ್ಕಂಗೆ ನಾನು ಹೇಳ್ಲಿಲ್ಲ, ಅವರೇ ಮುಖ ನೋಡಿ ಕಂಡುಹಿಡಿದ್ರು" ಎಂದಳು ಮುಬೀನಾ ಸೆರಗಿನ ಒಳಗಿನಿಂದ. ನಾನು ಕಣ್ಣೊರೆಸಿಕೊಂಡು, "ಆದ್ರೆ ಅಕ್ಕಾ, ನಮ್ಮಲ್ಲಿ ಈ ಶಾಸ್ತ್ರ ಇಲ್ವಲ್ಲ" ಎಂದೆ. "ನಿಮ್ಮಲ್ಲಿ ಇಲ್ದಿರಬೌದು ಸಾಬ್ರೇ. ಕುಂಬಳಕಾಯಿ ನಮ್ಮದಲ್ವಾ?" ಎಂದರು ಲಕ್ಷ್ಮಕ್ಕ.

ಆಮೇಲೆ ಒಳಗೆ ಕರೆದು ಅಟ್ಟ ತೋರಿಸಿದರು. ಚೀಲದಲ್ಲಿ ಬಂದ ಎಲ್ಲಕ್ಕಿಂತ ದೊಡ್ಡ ಕಾಯಿ, ತೊಟ್ಟು ಮುರಿಯದ್ದು, ರಾಗಿ ಹುಲ್ಲಿನ ಮೇಲೆ ಒಂಟಿಯಾಗಿ ಕೂತಿತ್ತು. "ಇದಕ್ಕೆ ಯಾರೂ ಕತ್ತಿ ಹಾಕೂಡ್ದು. ಮಗ ಬರ್ಲಿ ಮಗಳು ಬರ್ಲಿ, ಬಂದ್ ಮೇಲೆ ನೀವೇ ಕುಯ್ಬೇಕು. ಅಲ್ಲೀಗಂಟ ಹಿಂಗೇ ಇರ್ತದೆ" ಎಂದರು.

ನನ್ನ ನೆಮ್ಮದಿ ಅಲ್ಲಿಗೆ ಮುಗಿಯಿತು. ಹೆಂಡತಿಯ ಬಗ್ಗೆ ಹೆದರಬೇಕೋ ಕುಂಬಳಕಾಯಿಯ ಬಗ್ಗೆ ಹೆದರಬೇಕೋ ತಿಳಿಯದೆ ಎರಡಕ್ಕೂ ಹೆದರಿದೆ. ಕಾಯಿ ಕೊಳೆತರೆ ಅಪಶಕುನವೇ ಎಂದು ಕೇಳಲು ಬಾಯಿ ಬರಲಿಲ್ಲ. ನನ್ನ ಪಾಲಿಗೆ ಅದು ಕಾಯಿಯಾಗಿ ಉಳಿದಿರಲೇ ಇಲ್ಲ. ದಿನಾ ಅಂಗಡಿ ಮುಚ್ಚಿ ಬಂದವನೇ ಅಟ್ಟಕ್ಕೆ ಏಣಿ ಹಾಕಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಾಯಿಯ ಮೈಯೆಲ್ಲ ನೋಡುತ್ತಿದ್ದೆ, ಬೆರಳಲ್ಲಿ ತಟ್ಟಿ ಕಿವಿಗೊಡುತ್ತಿದ್ದೆ. ಗುಬ್ಬಿಯ ಒಬ್ಬ ಗಿರಾಕಿ ಮೈಗೆ ಬೂದಿ ಸವರಿ ಎಂದ. ಕ್ಯಾತ್ಸಂದ್ರದ ಒಬ್ಬ ಬೂದಿ ತಾಗಿಸಲೇಬೇಡಿ, ತೊಟ್ಟು ಕೆಳಗೆ ಮಾಡಿ ಎಂದ. ತೊಟ್ಟು ಮೇಲೇ ಇರಬೇಕು ಎಂದು ಇನ್ನೊಬ್ಬ. ನಾನು ಒಂದು ವಾರ ಮೇಲೆ, ಒಂದು ವಾರ ಕೆಳಗೆ ಮಾಡಿದೆ. ಮುಬೀನಾ ಹೆರಿಗೆಗೆ ಕುಣಿಗಲ್ಲಿಗೆ ಹೋದಾಗ ಶುಕ್ರವಾರ ಶುಕ್ರವಾರ ಬಸ್ಸು ಹತ್ತಿ ಹೋಗುತ್ತಿದ್ದೆ. ಅತ್ತೆ ಬಾಗಿಲಲ್ಲೇ, "ಮಗಳು ಚೆನ್ನಾಗಿದಾಳೆ, ಅಲ್ಲಿ ಕುಂಬಳಕಾಯಿ ಹೇಗಿದೆ?" ಎನ್ನುತ್ತಿದ್ದರು. ಒಮ್ಮೆ ತೊಟ್ಟಿನ ಪಕ್ಕ ಒಂದು ಮಚ್ಚೆ ಕಂಡಂತಾಯಿತು. ಬೆಳಿಗ್ಗೆ ಅಂಗಡಿ ಕೂಡ ತೆರೆಯದೆ ಕುಣಿಗಲ್ಲಿಗೆ ಓಡಿದೆ. ಮುಬೀನಾ ಹಾಯಾಗಿ ಹಲಸಿನ ಹಣ್ಣು ಬಿಡಿಸಿಕೊಂಡು ತಿನ್ನುತ್ತಿದ್ದಳು. ವಾಪಸ್ ಬಂದು ನೋಡಿದರೆ ಆ ಮಚ್ಚೆ ನನ್ನ ಭೂತಗನ್ನಡಿಯ ಮೇಲಿನ ಗ್ರೀಸು.

ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ಅವಳನ್ನು ಎತ್ತಿಕೊಂಡು ಮುಬೀನಾ ತುಮಕೂರಿಗೆ ಬಂದ ದಿನ, ದಸರೆ ಹೊತ್ತಿನ ತುಂತುರು, ಲಕ್ಷ್ಮಕ್ಕ ಅಟ್ಟದಿಂದ ಕಾಯಿ ಇಳಿಸಿದರು. ಗಟ್ಟಿಯಾಗಿಯೇ ಇತ್ತು. ಮಣೆ ಬಂತು, ಮಚ್ಚು ಬಂತು. ಹುಡುಗಿಯರು ಎಂದಿನಂತೆ ಎದುರಿಗೆ ಕೂತರು. ಲಕ್ಷ್ಮಕ್ಕನ ತೊಡೆಯ ಮೇಲೆ ನನ್ನ ಮಗಳು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ನಾನು ಬಿಸ್ಮಿಲ್ಲಾ ಎಂದು ಮಚ್ಚು ಎತ್ತಿದೆ. ಆಗ ಲಕ್ಷ್ಮಕ್ಕ ತೀರಾ ಸಾದಾ ದನಿಯಲ್ಲಿ, "ಅಂದಂಗೆ ಸಾಬ್ರೇ, ಹಲ್ಲುನೋವು ವಾಸಿ ಆಯ್ತಾ?" ಎಂದರು.

ನಾನು ಅವರ ಮುಖ ನೋಡಿದೆ. ಅವರು ಮಗುವಿನ ಟೋಪಿ ಸರಿ ಮಾಡುತ್ತಿದ್ದರು. "ಆಯ್ತಕ್ಕಾ" ಎಂದೆ. "ಆಗ್ಲಿ ಬುಡಿ. ಆ ನೋವು ಬಂದ್ರೆ ತಡೆಯಾಕಾಗಲ್ಲ" ಎಂದರು. ನಾನು ಕಣ್ಣು ಮುಚ್ಚಿ ಬಿಟ್ಟೆ ಒಂದು ಏಟು. ಮಚ್ಚು ಅರ್ಧ ಇಳಿದು ಅಲ್ಲೇ ಸಿಕ್ಕಿಕೊಂಡಿತು.